ಪಂಜೆಯವರ ಪದ್ಯವೂ ನಂದಿದುರ್ಗದ ಗಾಳಿಯೂ

ಮಕ್ಕಳ ಸಾಹಿತಿಗಳನ್ನು ಕುರಿತು ಬರೆಯುವಾಗ ನಮ್ಮಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ಹಳ್ಳಿಯ ಒಕ್ಕಲು ಬದುಕು ಮತ್ತು ಮೇಷ್ಟರ ಕೆಲಸ, ಇವೆರಡೇ ಇವರ ಬರವಣಿಗೆಗೆ ಸ್ಫೂರ್ತಿ ಎಂಬ ಮಾತು. ಈ ಮಾತನ್ನು ನಾನೂ ಬಹಳ ವರ್ಷ ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ಅದರ ಧೈರ್ಯದ ಮೇಲೆ ನಾನೇ ಒಂದು ಮಕ್ಕಳ ಪದ್ಯದ ಪುಸ್ತಕ ಬರೆಯಲು ಹೊರಟಿದ್ದೆ. ಎರಡೂ ನನ್ನ ಕೈಯಲ್ಲಿದ್ದವಲ್ಲ! ತವರು ಬಂಗಾರಪೇಟೆಯಾಚೆಯ ಹಳ್ಳಿ. ರಾಗಿ ಹೊಲ, ಸಾಲಿನ ನಡುವೆ ಅವರೆ, ಕೆರೆಯ ಕೆಳಗೆ ಒಂದಿಷ್ಟು ಗದ್ದೆ. ಮದುವೆಯಾಗಿ ಬಂದದ್ದು ಚಿನ್ನದ ಗಣಿಯ ನಂದಿದುರ್ಗಕ್ಕೆ, ಅಲ್ಲಿಯೇ ಶಾಲೆಯೊಂದರಲ್ಲಿ ಕನ್ನಡ ಟೀಚರಾದೆ. ಇನ್ನೇನು ಬೇಕು?

ಒಂದು ಬೇಸಿಗೆ ರಜೆಯಲ್ಲಿ ಹನ್ನೆರಡು ಪದ್ಯ ಬರೆದೆ. ಸುಗ್ಗಿಯ ಕಣ, ಮೆದೆ, ರೋಣಗಲ್ಲು, ಅವರೆಯ ಸೊಗಡು, ಎಲ್ಲವೂ ಇದ್ದವು. ಪ್ರಾಸವೂ ತಪ್ಪಿರಲಿಲ್ಲ. ಶಾಲೆ ಶುರುವಾದ ವಾರವೇ ನಾಲ್ಕನೆಯ ತರಗತಿಯಲ್ಲಿ ಓದಿದೆ. ಮಕ್ಕಳು ಕೈಕಟ್ಟಿ ಕೂತು ಕೇಳಿದರು. ಅಷ್ಟು ಶಾಂತವಾಗಿ ಅವರು ಕೂತಾಗ ಏನೋ ಎಡವಟ್ಟಾಗಿದೆಯೆಂದು ಯಾವ ಟೀಚರಿಗೂ ಗೊತ್ತಾಗುತ್ತದೆ. ಕೊನೆಗೆ ಮುಂದಿನ ಸಾಲಿನ ಹುಡುಗನೊಬ್ಬ ಎದ್ದು, “ಟೀಚರ್, ಇದು ನಿಮ್ಮೂರ ಪಾಠವಾ?” ಎಂದ.

ಅವನದು ತಪ್ಪಲ್ಲ. ಇಲ್ಲಿಯ ಲೈನುಮನೆಗಳ ಮಕ್ಕಳಿಗೆ ಹೊಲವೆಂಬುದು ಅಜ್ಜಂದಿರ ಕಾಲದಲ್ಲಿ ಮುಗಿದುಹೋದ ಸಂಗತಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಉತ್ತರ ಆರ್ಕಾಟಿನಿಂದಲೂ ಚಿತ್ತೂರಿನ ಕಡೆಯಿಂದಲೂ ಬಂದು ಸುರಂಗಕ್ಕಿಳಿದವರ ಮೊಮ್ಮಕ್ಕಳು, ಮರಿಮಕ್ಕಳು ಇವರು. ಮನೆಯಲ್ಲಿ ತಮಿಳು, ಕೆಲವರಿಗೆ ತೆಲುಗು. ಕನ್ನಡವೆಂದರೆ ದಿನಕ್ಕೊಂದು ಪೀರಿಯಡ್ಡು. ನನ್ನ ‘ಮೆದೆ’ ಎಂಬ ಶಬ್ದಕ್ಕೆ ನಾನೇ ಚಿತ್ರ ಬರೆದು ತೋರಿಸಬೇಕಾಯಿತು. ಚಿತ್ರ ನೋಡಿದೊಡನೆ, “ಸೈನೈಡ್ ದಿಬ್ಬ!” ಎಂದು ಇಡೀ ಕ್ಲಾಸು ಕೂಗಿತು. ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಗುಡ್ಡಗಳಿಗೆ ಇಲ್ಲಿಯವರ ಹೆಸರು ಅದು. ನನ್ನ ಹುಲ್ಲಿನ ಮೆದೆ ಅವರ ಕಣ್ಣಿಗೆ ಹಾಗೆ ಕಂಡಿತು.

ಆ ನೋಟುಪುಸ್ತಕವನ್ನು ಟ್ರಂಕಿಗೆ ಹಾಕಿ ಪಂಜೆಯವರನ್ನು ಮತ್ತೆ ಓದಲು ಕೂತೆ. ನನ್ನಲ್ಲಿ ಏನಿಲ್ಲ, ಅವರಲ್ಲಿ ಏನಿದೆ ಎಂದು ನೋಡುವ ಸ್ವಾರ್ಥದಿಂದಲೇ. ಈ ಲೇಖನ ಹುಟ್ಟಿದ್ದು ಆ ಸ್ವಾರ್ಥದಿಂದ.

ಪಂಜೆ ಮಂಗೇಶರಾಯರು 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದರು, 1937ರಲ್ಲಿ ತೀರಿಕೊಂಡರು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ, ಆಮೇಲೆ ಶಾಲಾ ಇನ್ಸ್‌ಪೆಕ್ಟರಾಗಿ, ಕೊಡಗಿನಲ್ಲಿ ಹೆಡ್‌ಮಾಸ್ತರರಾಗಿ ದುಡಿದವರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಇಷ್ಟು ದೊಡ್ಡವರು ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆದರು. ಇದೆಲ್ಲ ನಮಗೆ ಗೊತ್ತಿರುವುದೇ. ನಾನು ಗಮನಿಸದೆ ಬಿಟ್ಟಿದ್ದು ಬೇರೊಂದು. ಅವರ ಮನೆಮಾತು ಕೊಂಕಣಿ. ಊರಿನ ಮಾತು ತುಳು. ಅವರ ಮುಂದೆ ಬೆಂಚಿನ ಮೇಲೆ ಕೂತ ಎಷ್ಟೋ ಮಕ್ಕಳಿಗೆ ಕನ್ನಡ ಶಾಲೆಯ ಬಾಗಿಲೊಳಗೆ ಮಾತ್ರ ಸಿಗುವ ಭಾಷೆ. ಅಂದರೆ ನನ್ನ ನಾಲ್ಕನೆಯ ತರಗತಿಯೂ ಅವರ ತರಗತಿಯೂ ಅಷ್ಟೇನೂ ದೂರದವಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ‘ತೆಂಕಣ ಗಾಳಿಯಾಟ’ವನ್ನು ಓದಿ ನೋಡಿ. ಕರಾವಳಿಯ ಮಳೆಗಾಲದ ಗಾಳಿ ಅದು. ತೋಟ, ಮಾಡು, ಗಿಡಮರ ಎಲ್ಲವನ್ನೂ ಅಲುಗಾಡಿಸುವ ಗಾಳಿ. ನನ್ನಂಥವಳು ಬರೆದಿದ್ದರೆ ಮೊದಲ ಸಾಲಿನಲ್ಲೇ ತೆಂಗಿನ ತೋಟವನ್ನು ತಂದು ನಿಲ್ಲಿಸಿಬಿಡುತ್ತಿದ್ದೆ. ಪಂಜೆಯವರು ಹಾಗೆ ಮಾಡುವುದಿಲ್ಲ. ಮೊದಲು ಬರುವುದು ಸದ್ದು. ದೂರದಿಂದ ಏನೋ ಬರುತ್ತಿದೆ. ಹಾವಿನ ಬುಸುಗುಟ್ಟುವಿಕೆಯೋ, ಭೂತದ ಕೂಗೋ, ಯಮನ ಕೋಣದ ಉಸಿರೋ ಎಂದು ಮಗು ಹೆದರುತ್ತ ಊಹಿಸುತ್ತದೆ. ಬರುತ್ತಿದೆ ಎಂಬ ಒಂದೇ ಕ್ರಿಯಾಪದ ಮತ್ತೆ ಮತ್ತೆ ಬಂದು ಹತ್ತಿರವಾಗುತ್ತದೆ. ಗಾಳಿ ಬಂದು ಮೇಲೆ ಬಿದ್ದ ಮೇಲಷ್ಟೇ ಅದು ಏನೇನು ಕಿತ್ತುಹಾಕಿತೆಂಬ ಲೆಕ್ಕ. ಕನ್ನಡದ ಒಂದು ಶಬ್ದವೂ ಬಾರದ ಮಗುವಿಗೂ ಅರ್ಧ ಪದ್ಯ ಕಿವಿಯಿಂದಲೇ ಅರ್ಥವಾಗಿರುತ್ತದೆ. ಇದನ್ನು ಅವರಿಗೆ ಕಲಿಸಿದ್ದು ತೋಟವಲ್ಲ, ತೋಟದಲ್ಲಿ ಬೆಳೆದ ಮಕ್ಕಳ ಎದುರು ನಿಂತು ಪಾಠ ಹೇಳಿದ ಅನುಭವ ಎಂದು ನನ್ನ ಅಭಿಪ್ರಾಯ.

ಈ ಪದ್ಯವನ್ನು ನಾನು ಆಷಾಢದ ಒಂದು ಮಧ್ಯಾಹ್ನ ಓದಿದೆ. ನಂದಿದುರ್ಗದ ಆಷಾಢವನ್ನು ಕಂಡವರಿಗೆ ಹೇಳಬೇಕಾಗಿಲ್ಲ. ದಿಬ್ಬದ ಮೇಲಿನಿಂದ ಬೂದುಬಣ್ಣದ ಧೂಳು ಎದ್ದು ಲೈನುಮನೆಗಳ ಮೇಲೆ ಬಂದು ಇಳಿಯುತ್ತದೆ. ತೊಳೆದು ಹಾಕಿದ ಬಟ್ಟೆ, ಮುಚ್ಚದ ಅನ್ನದ ಪಾತ್ರೆ, ಮಗುವಿನ ತಲೆ, ಯಾವುದನ್ನೂ ಬಿಡುವುದಿಲ್ಲ. ಆ ದಿನಗಳಲ್ಲಿ ಇಲ್ಲಿಯ ಹೆಂಗಸರು ಕಿಟಕಿಯ ಸಂದಿಗೆ ಹಳೆಯ ಸೀರೆ ತುರುಕುತ್ತಾರೆ. ನಾನು ಓದುತ್ತಿದ್ದಂತೆ ಹಿಂದಿನ ಬೆಂಚಿನಿಂದ ಮಕ್ಕಳೇ ಗಾಳಿಯ ಸದ್ದು ಹೊರಡಿಸಲು ತೊಡಗಿದರು. ಎರಡನೆಯ ಸಲ ಓದುವಾಗ ಇಡೀ ಕ್ಲಾಸೇ ಗಾಳಿಯಾಗಿತ್ತು. ತೆಂಗಿನ ಮರವನ್ನೇ ಹತ್ತಿರದಿಂದ ಕಾಣದ ಮಕ್ಕಳಿಗೆ ಮಂಗಳೂರಿನ ಮಳೆಗಾಲದ ಪದ್ಯ ಹೀಗೆ ತಮ್ಮದಾಯಿತು.

ಇಲ್ಲಿ ನನ್ನದೊಂದು ತಪ್ಪನ್ನೂ ಬರೆಯಬೇಕು. ಇದಕ್ಕೆ ಒಂದು ವರ್ಷ ಹಿಂದೆ ಪರೀಕ್ಷೆಯಲ್ಲಿ ‘ಗಾಳಿಯ ಬಣ್ಣ ಯಾವುದು?’ ಎಂಬ ಪ್ರಶ್ನೆಗೆ ಒಬ್ಬ ಹುಡುಗಿ ‘ಬೂದಿ’ ಎಂದು ಬರೆದಿದ್ದಳು. ಪುಸ್ತಕದ ಉತ್ತರ ‘ಬಣ್ಣವಿಲ್ಲ’. ನಾನು ಸೊನ್ನೆ ಹಾಕಿದ್ದೆ. ಅವಳು ಉತ್ತರಪತ್ರಿಕೆಯನ್ನು ಮಡಚಿ ಲಂಗದ ಜೇಬಿಗೆ ಸೇರಿಸಿದ್ದು ಇಂದಿಗೂ ಕಣ್ಣ ಮುಂದಿದೆ. ಪಂಜೆಯವರು ಇನ್ಸ್‌ಪೆಕ್ಟರಾಗಿ ಆ ದಿನ ನನ್ನ ತರಗತಿಗೆ ಬಂದಿದ್ದರೆ ಯಾರಿಗೆ ಸೊನ್ನೆ ಹಾಕುತ್ತಿದ್ದರೋ!

‘ಹಾವಿನ ಹಾಡು’ ಇನ್ನೂ ವಿಚಿತ್ರವಾದ ಅನುಭವ. ಹೊಲದ ಬದುವಿನಲ್ಲಿ, ಹುತ್ತದ ಬಳಿಯಲ್ಲಿ ಓಡಾಡುವವರಿಗೆ ನಾಗರಹಾವು ದೇವರೂ ಹೌದು, ಭಯವೂ ಹೌದು. ಈ ಎರಡು ಭಾವಗಳನ್ನು ಬೇರೆ ಮಾಡದೆಯೇ ಪದ್ಯ ನಡೆಯುತ್ತದೆ. ಹಾವನ್ನು ಕೈಮುಗಿದು ಕರೆಯುವುದು, ಹಾಲು ಕೊಡುತ್ತೇನೆನ್ನುವುದು, ಮಗುವಿನ ಕುತೂಹಲದಿಂದ ಕೇಳುವುದು, ಬಡವನಿಗೆ ಒಂದು ಕೊಪ್ಪರಿಗೆಯಷ್ಟು ಬಂಗಾರ ಬೇಡುವುದು, ಕೊನೆಗೆ ನಮಸ್ಕಾರ ಹೇಳಿ ಹೊರಗೆ ಹೋಗೆನ್ನುವುದು. ನಮ್ಮ ತಾಯಂದಿರು ನಾಗರಪಂಚಮಿಯಲ್ಲಿ ಹುತ್ತಕ್ಕೆ ಹಾಲೆರೆದು, ಮರುದಿನ ಹಿತ್ತಲಲ್ಲಿ ಹಾವು ಕಂಡರೆ ಗಂಡಸರನ್ನು ಕೂಗುತ್ತಿದ್ದರಲ್ಲ, ಅದೇ ಮನಸ್ಸು. ಹಾವು ನಿಧಿ ಕಾಯುತ್ತದೆಂಬ ಆ ಬಂಗಾರದ ಸಾಲಿಗೆ ನಮ್ಮ ಕ್ಲಾಸು ನಿಂತುಬಿಟ್ಟಿತು. “ನಮ್ಮ ತಾತ ಮೂರು ಕಿಲೋಮೀಟರು ಕೆಳಗೆ ಹೋಗಿದ್ದರು ಟೀಚರ್, ಅವರಿಗೇ ಕೊಡಲಿಲ್ಲ,” ಎಂದ ಒಬ್ಬ. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಅವನ ಲೆಕ್ಕ ಸರಿಯಾಗಿಯೇ ಇತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ ರೈಲಿನಲ್ಲಿ ಬೆಳಗಿನ ಜಾವವೇ ಬೆಂಗಳೂರಿಗೆ ಕೂಲಿಗೆ ಹೊರಡುವ ಅಪ್ಪಂದಿರ ಮಕ್ಕಳು ಇವರು. ಪದ್ಯದ ಬಡವ ಯಾರೆಂದು ಇವರಿಗೆ ವಿವರಿಸಬೇಕಾಗಲಿಲ್ಲ.

ಹಾಗೆಂದು ಪಂಜೆಯವರದೆಲ್ಲ ಮಕ್ಕಳಿಗೆ ಒಗ್ಗುತ್ತದೆಂದು ಹೇಳಲಾರೆ. ‘ಹುತ್ತರಿ ಹಾಡು’ ಹೆಸರಿನಿಂದ ನೋಡಿದರೆ ಒಕ್ಕಲು ಬದುಕಿಗೆ ಎಲ್ಲಕ್ಕಿಂತ ಹತ್ತಿರದ ಪದ್ಯವಾಗಬೇಕು. ಹೊಸ ಭತ್ತದ ತೆನೆಯನ್ನು ಮನೆಗೆ ತರುವ ಕೊಡಗಿನ ಹಬ್ಬ ಅದು. ಆದರೆ ಪದ್ಯದಲ್ಲಿ ತೆನೆಗಿಂತ ಕೊಡಗಿನ ನೆಲದ, ಕಾವೇರಿಯ, ವೀರರ ಹೊಗಳಿಕೆಯೇ ಮುಂದು. ಗಂಭೀರವಾದ, ಗತ್ತಿನ ಪದ್ಯ. ದೊಡ್ಡವರು ಸಭೆಯಲ್ಲಿ ನಿಂತು ಹಾಡಿದರೆ ಮೈ ಜುಮ್ಮೆನ್ನುತ್ತದೆ. ನನ್ನ ತರಗತಿಯಲ್ಲಿ ಮಾತ್ರ ಮಕ್ಕಳು ಮತ್ತೆ ಕೈಕಟ್ಟಿ ಕೂತರು. ಗೌರವಿಸಲು ಬರೆದ ಪದ್ಯಕ್ಕೂ ಆಡಲು ಬರೆದ ಪದ್ಯಕ್ಕೂ ಇರುವ ವ್ಯತ್ಯಾಸ ಅದು. ಸುಗ್ಗಿಯನ್ನು ಕುರಿತ ನನ್ನ ಪದ್ಯಗಳೂ ಈ ಹೊಗಳಿಕೆಯ ಜಾತಿಯವೇ, ಪಂಜೆಯವರ ಗತ್ತು ಇಲ್ಲದವು.

ಹೊಲವನ್ನು ಹೊಗಳದೆ ಹೊಲದ ಜಗಳವನ್ನು ಹೇಳಿದಾಗ ಅವರು ಗೆಲ್ಲುತ್ತಾರೆ. ತುಳು ಪಾಡ್ದನದಿಂದ ಎತ್ತಿಕೊಂಡ ‘ಕೋಟಿ ಚೆನ್ನಯ’ದಲ್ಲಿ ಅಣ್ಣತಮ್ಮಂದಿರಿಗೂ ಬುದ್ಧಿವಂತನಿಗೂ ನಡೆಯುವ ಹಗೆತನ ಬೆಳೆಯುವುದು ಗದ್ದೆಯಲ್ಲಿ, ನೀರಿನ ಮೇಲೆ. ಕೋಲಾರದ ಸೀಮೆಯಲ್ಲಿ ನೀರಗಂಟಿ ಯಾರ ಗದ್ದೆಗೆ ಮೊದಲು ತೂಬಿನ ನೀರು ಬಿಟ್ಟನೆಂಬುದರ ಮೇಲೆ ವರ್ಷಗಟ್ಟಲೆ ಮಾತು ಬಿಟ್ಟ ಮನೆಗಳನ್ನು ನಾನು ಬಲ್ಲೆ, ನಮ್ಮ ಮನೆಯೂ ಅದರಲ್ಲೊಂದು. ಲೈನಿನ ಮಕ್ಕಳಿಗೆ ಕೆರೆಯ ತೂಬು ಗೊತ್ತಿಲ್ಲ. ಆದರೆ ಬೀದಿನಲ್ಲಿಯ ಮುಂದೆ ಕೊಡದ ಸಾಲು ಗೊತ್ತು. ಆ ಕತೆಯನ್ನು ಅವರು ನೇರವಾಗಿ ನಲ್ಲಿಯ ಬಳಿಗೆ ಒಯ್ದರು. ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬಳು ಬುದ್ಧಿವಂತನಾಗಿ ಕೊಡವನ್ನು ಸಾಲಿನ ಮುಂದಕ್ಕೆ ತಳ್ಳುತ್ತಿದ್ದಳು.

ಜಿ. ಪಿ. ರಾಜರತ್ನಂ ಅವರಿಗೆ ಹೊಲದ ಹಂಗೇ ಬೇಕಾಗಲಿಲ್ಲ. ಎಳೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ ಇದ್ದ ಪದ್ಯಗಳು ಒಗ್ಗದೆ ತಾವೇ ಬರೆಯತೊಡಗಿದವರು ಅವರು. ಅವರ ಬಣ್ಣದ ತುತ್ತೂರಿ ಪೇಟೆಯ ಆಟದ ಸಾಮಾನು. ನೀರಿಗೆ ಬಿದ್ದು ದನಿ ಕಳೆದುಕೊಳ್ಳುವ ಅದರ ಸಂಕಟ ಯಾವ ಊರಿನ ಮಗುವಿಗೂ ತಿಳಿಯುತ್ತದೆ. ಇನ್ನೊಂದು ತುದಿಗೆ ಕಾಸರಗೋಡಿನ ಪೆರಡಾಲದಲ್ಲಿ ಮೇಷ್ಟರೂ ಕೃಷಿಕರೂ ಆಗಿದ್ದು ನೂರು ವರ್ಷ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳಿದ್ದಾರೆ. ಅವರ ಆತ್ಮಕಥೆಯ ಹೆಸರೇ ‘ದುಡಿತವೆ ನನ್ನ ದೇವರು’. ಅವರೂ ಕನ್ನಡವು ಅಂಚಿಗೆ ಸರಿದ ಊರಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸಿದವರೇ. ಅವರ ಬಗ್ಗೆ ಬೇರೆಯಾಗಿಯೇ ಬರೆಯಬೇಕು.

ಬೇಸರವಾಗುವುದು ನಡುವಿನ ಗುಂಪನ್ನು ನೆನೆದಾಗ. ‘ರೈತ ದೇಶದ ಬೆನ್ನೆಲುಬು’ ಎಂಬ ಧಾಟಿಯ ಪದ್ಯಗಳನ್ನು ನಾನು ಎಷ್ಟು ವರ್ಷ ಬಾಯಿಪಾಠ ಮಾಡಿಸಿದೆನೋ ಲೆಕ್ಕವಿಲ್ಲ. ಅವುಗಳಲ್ಲಿ ರೈತನ ಹೆಂಡತಿ ಬುತ್ತಿ ಹೊತ್ತು ಬರುವುದು ಬಿಟ್ಟರೆ ಬೇರೇನೂ ಮಾಡುವುದಿಲ್ಲ. ನನ್ನಮ್ಮ ನಾಟಿ ಹಾಕುತ್ತಿದ್ದಳು, ಕಳೆ ಕೀಳುತ್ತಿದ್ದಳು, ರಾಗಿ ಕೇರುತ್ತಿದ್ದಳು, ಬುತ್ತಿಯನ್ನೂ ಹೊರುತ್ತಿದ್ದಳು. ಅವಳನ್ನು ನನ್ನ ಹನ್ನೆರಡು ಪದ್ಯಗಳಲ್ಲಿ ಹುಡುಕಿದೆ. ಒಂದರಲ್ಲಿದ್ದಳು, ಬುತ್ತಿ ಹೊತ್ತುಕೊಂಡು.

ಆ ನೋಟುಪುಸ್ತಕ ಈಗಲೂ ಟ್ರಂಕಿನಲ್ಲೇ ಇದೆ. ನಿವೃತ್ತಿಯಾದ ಮೇಲೆ ಅದರ ಹಿಂದಿನ ಖಾಲಿ ಹಾಳೆಗಳಲ್ಲಿ ಹದಿಮೂರನೆಯದೊಂದನ್ನು ಶುರುಮಾಡಿದ್ದೇನೆ. ಸದ್ಯಕ್ಕೆ ನಾಲ್ಕೇ ಸಾಲು, ಒಂದರಲ್ಲಿ ಗಾಳಿ ಬೂದುಬಣ್ಣಕ್ಕಿದೆ. ಪಕ್ಕದ ಮನೆಯ ಹುಡುಗಿ ಎರಡನೆಯ ಸಾಲನ್ನು ತಿದ್ದಬೇಕೆಂದು ಹೇಳಿ ಹೋಗಿದ್ದಾಳೆ, ಭಾನುವಾರ ಮತ್ತೆ ಬರುತ್ತಾಳಂತೆ.