ವೈನ್‌ನಲ್ಲಿ ಕನ್ನಡ: ಲೈಬ್ರರಿ ಬದಲಿಸುವ ಪದ್ಧತಿಯ ವಿಮರ್ಶೆ

ಲಿನಕ್ಸ್ ಗಣಕದಲ್ಲಿ ವಿಂಡೋಸ್ ತಂತ್ರಾಂಶಗಳನ್ನು ನಡೆಸುವ ವೈನ್ ಎಂಬ ಹೊಂದಾಣಿಕೆಯ ಪದರದ ಕೆಲಸ 1993ರಲ್ಲಿ ಆರಂಭವಾಗಿ, ಹದಿನೈದು ವರ್ಷಗಳ ಬಳಿಕ, 2008ರಲ್ಲಿ ಅದರ 1.0 ಆವೃತ್ತಿ ಹೊರಬಂದಿತು. ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಲೈಬ್ರರಿ ಕಡತಕ್ಕೆ ವಿಂಡೋಸಿನಲ್ಲಿ ಡಿಎಲ್‌ಎಲ್ ಎಂದು ಹೆಸರು. ಇವುಗಳಲ್ಲಿ ಬಹುಪಾಲನ್ನು ವೈನ್ ತಾನೇ ಹೊಸದಾಗಿ ಬರೆದು ಒದಗಿಸುತ್ತದೆಯಾದರೂ, ಬೇಕೆಂದವರು ಮೈಕ್ರೋಸಾಫ್ಟಿನ ಮೂಲ ಪ್ರತಿಯನ್ನು ಅದರ ಜಾಗದಲ್ಲಿ ಇರಿಸಲೂ ಬಿಡುತ್ತದೆ. ಕನ್ನಡ ಕೆಟ್ಟು ಕಂಡೊಡನೆ, ಅಕ್ಷರಗಳನ್ನು ಜೋಡಿಸುವ ಯುಎಸ್‌ಪಿ10 ಎಂಬ ಡಿಎಲ್‌ಎಲ್ ಅನ್ನು ಹಳೆಯ ವಿಂಡೋಸಿನಿಂದ ತಂದು ಹಾಕುವ ಪದ್ಧತಿ ಬೆಳೆದದ್ದು ಈ ಅವಕಾಶದಿಂದಲೇ. ತೊಡಕು ಯಾವ ಲೈಬ್ರರಿಯದೆಂದು ಗೊತ್ತಾಗುವ ಮೊದಲೇ ಚಿಕಿತ್ಸೆಗೆ ಇಳಿಯುವ ಈ ಪದ್ಧತಿಯನ್ನು ಒಪ್ಪುವುದು ಕಷ್ಟ.

ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಸಿದ್ಧವಾದ ಹಳೆಯ ಕಡತಗಳನ್ನು ತೆರೆಯುವಾಗ ಇದು ಸ್ಪಷ್ಟವಾಗುತ್ತದೆ. ಉದಾಹರಣೆಗೆ, ಮಾಗಡಿ ತಾಲ್ಲೂಕಿನ ಕೆಂಪಾಪುರದ ಹೆಸರನ್ನೇ ನೋಡಬಹುದು. ಯುನಿಕೋಡ್‌ನಲ್ಲಿ ಅದು ಎಂಟು ಸಂಕೇತಗಳ ಸಾಲು. ‘ಕ’ ಮತ್ತು ಎತ್ವವನ್ನು ಸೇರಿಸಿ ‘ಕೆ’ ಎಂದು ತೋರಿಸುವುದು ಜೋಡಣೆಯ ಲೈಬ್ರರಿಯ ಕೆಲಸ. ನುಡಿಯ ಹಳೆಯ ಫಾಂಟುಗಳಲ್ಲಾದರೋ ಅದೇ ಹೆಸರು ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೆರೆ ಹೊತ್ತ ಇ, ಬಳಿಕ ದೊಡ್ಡ ಎ ಎಂದು ಆರಂಭವಾಗುತ್ತದೆ. ಕನ್ನಡದ ರೂಪವೆಲ್ಲ ಫಾಂಟಿನ ಚಿತ್ರಗಳಲ್ಲಿದೆ, ಜೋಡಣೆಯ ಕೆಲಸವೇ ಅಲ್ಲಿಲ್ಲ. ಆದ್ದರಿಂದ ಪರದೆಯಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲು ಕಂಡರೆ ಕಾಣೆಯಾಗಿರುವುದು ಫಾಂಟು. ಎತ್ವ ಬೇರೆಯಾಗಿ ನಿಂತರೆ ಮಾತ್ರ ಯುಎಸ್‌ಪಿ10ರ ಮೇಲೆ ಅನುಮಾನ ಪಡಬಹುದು. ಮೊದಲನೆಯ ದೋಷಕ್ಕೆ ಎರಡನೆಯದರ ಮದ್ದು ಕೊಟ್ಟು ಫಲವಿಲ್ಲ.

ಜೋಡಣೆಯ ಪರೀಕ್ಷೆಗೆ ಆರಿಸುವ ಪದಕ್ಕೂ ಇಲ್ಲಿ ಬೆಲೆಯಿದೆ. ‘ಕನಕಪುರ’ದಲ್ಲಿ ಇರುವುದು ಒಂದೇ ಕೊಂಬು, ಅದೂ ಅಕ್ಷರದ ಬಲಕ್ಕೆ, ಜೋಡಣೆ ಪೂರ್ತಿ ಕೆಟ್ಟಿದ್ದರೂ ಆ ಹೆಸರು ಬಹುಮಟ್ಟಿಗೆ ಸರಿಯಾಗಿಯೇ ಕಂಡು ಪರೀಕ್ಷಕರನ್ನು ದಾರಿ ತಪ್ಪಿಸುತ್ತದೆ. ‘ರಾಮನಗರ’ದಲ್ಲಿ ದೀರ್ಘ ಬಂದಾಗ ತಲೆಕಟ್ಟು ಹೋಗಬೇಕಾದ್ದರಿಂದ ಲೋಪ ಸ್ವಲ್ಪ ಹೊರಬೀಳುತ್ತದೆ. ‘ಚನ್ನಪಟ್ಟಣ’ ಮಾತ್ರ ಏನನ್ನೂ ಮುಚ್ಚಿಡುವುದಿಲ್ಲ. ಎರಡು ಒತ್ತಕ್ಷರಗಳೂ ಕೆಳಗಿಳಿಯದೆ ಸಾಲಿನಲ್ಲೇ ನಿಂತುಬಿಡುತ್ತವೆ.

ಮೂಲ ಡಿಎಲ್‌ಎಲ್ ತಂದು ಹಾಕುವುದರಲ್ಲಿಯೂ ತಪ್ಪುವ ಜಾಗಗಳಿವೆ. ವೈನ್ ತಾನಾಗಿ ಎಲ್ಲ ತಂತ್ರಾಂಶಗಳನ್ನೂ ವಿಂಡೋಸಿನ ಡ್ರೈವನ್ನು ಹೋಲುವ ಒಂದೇ ಕೋಶದಲ್ಲಿ ಇರಿಸುತ್ತದೆ, ಬೇಕೆಂದವರು ಪ್ರತ್ಯೇಕ ಕೋಶಗಳನ್ನೂ ಕಟ್ಟಿಕೊಳ್ಳಬಹುದು. 64 ಬಿಟ್ ಕೋಶದಲ್ಲಿ ಸಿಸ್ಟಮ್32 ಎಂಬ ಫೋಲ್ಡರ್ ಇರುವುದು 64 ಬಿಟ್ ಲೈಬ್ರರಿಗಳಿಗೆ, 32 ಬಿಟ್‌ನವು ಇರಬೇಕಾದದ್ದು ಸಿಸ್‌ವೌ64ರಲ್ಲಿ. ಹೆಸರು ತಿರುವುಮುರುವಾಗಿರುವುದರಿಂದ ಹಳೆಯ 32 ಬಿಟ್ ಡಿಎಲ್‌ಎಲ್ ತಪ್ಪು ಫೋಲ್ಡರಿಗೆ ಸೇರಿ, ತಂತ್ರಾಂಶ ತೆರೆಯುವುದೇ ನಿಂತುಹೋಗಬಹುದು. ಇನ್ನು ಎನ್‌ಟಿಡಿಎಲ್‌ಎಲ್, ಕರ್ನೆಲ್32, ಜಿಡಿಐ32ರಂಥವು ಲಿನಕ್ಸಿನೊಡನೆ ನೇರವಾಗಿ ವ್ಯವಹರಿಸುವ ಅಡಿಪಾಯದ ಭಾಗಗಳಾದ್ದರಿಂದ ಅವನ್ನು ಬದಲಿಸಲೇಬಾರದು. ತೊಡಕು ಕೆಲವೊಮ್ಮೆ ವಿಂಡೋಸಿನ ಕಡೆಯದೇ ಅಲ್ಲ: ಫಾಂಟುಗಳನ್ನು ಓದುವ ಲಿನಕ್ಸಿನ ಫ್ರೀಟೈಪ್ ಲೈಬ್ರರಿಯ 32 ಬಿಟ್ ಪ್ರತಿ ಇಲ್ಲದಿದ್ದರೆ, ಹಳೆಯ ವೈನ್‌ನಲ್ಲಿ 32 ಬಿಟ್ ತಂತ್ರಾಂಶಗಳಿಗೆ ಫಾಂಟುಗಳು ದಕ್ಕುವುದಿಲ್ಲ. 2024ರ ಜನವರಿಯಲ್ಲಿ ಬಂದ 9.0 ಆವೃತ್ತಿಯಲ್ಲಿ ಪೂರ್ಣಗೊಂಡ ಹೊಸ ವಿನ್ಯಾಸಕ್ಕೆ ಈ 32 ಬಿಟ್ ಲಿನಕ್ಸ್ ಲೈಬ್ರರಿಗಳ ಹಂಗಿಲ್ಲ. ಇದು ನಿಜಕ್ಕೂ ದೊಡ್ಡ ಉಪಕಾರ.

ಯಾವ ಡಿಎಲ್‌ಎಲ್ ಎಲ್ಲಿಂದ ಬಂತು, ಅದು ವೈನ್‌ನದೋ ಮೂಲದ್ದೋ ಎಂಬುದನ್ನು ಸಾಲುಸಾಲಾಗಿ ಬರೆದಿಡುವ ಲೋಡ್‌ಡಿಎಲ್‌ಎಲ್ ಎಂಬ ದಾಖಲೆಯ ಸೌಲಭ್ಯ ವೈನ್‌ನಲ್ಲೇ ಇದೆ. ಅದನ್ನು ಓದಿ, ಹೊಸ ಕೋಶವೊಂದರಲ್ಲಿ, ಬೇಕಾದ ಒಂದು ತಂತ್ರಾಂಶಕ್ಕಷ್ಟೇ ಒಂದೊಂದಾಗಿ ಬದಲಾವಣೆ ಮಾಡಿ ನೋಡುವವರ ದಾರಿ ನಿಧಾನದ್ದಾದರೂ ಭರವಸೆಯದು. ಆದರೆ ಆ ದಾರಿಗೂ ಮಿತಿಯಿದೆ. ನುಡಿಯ ಕೀಲಿಮಣೆ ವೈನ್‌ನೊಳಗಿನ ತಂತ್ರಾಂಶಗಳಾಚೆಗೆ, ಲಿನಕ್ಸಿನ ಸ್ವಂತ ತಂತ್ರಾಂಶಗಳಿಗೆ ತಲುಪದು. ಯಾವ ಡಿಎಲ್‌ಎಲ್ ಬದಲಿಸಿದರೂ ಇದು ಬದಲಾಗದು, ಬದಲಾಗಬೇಕಾದ ಅಗತ್ಯವೂ ಇಲ್ಲ, ಏಕೆಂದರೆ ನುಡಿ ಬಳಸುವ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿಯೇ ಲಭ್ಯವಿದೆ. ಹಳೆಯ ಕಡತಗಳ ಮಟ್ಟಿಗೆ ವೈನ್‌ನಿಂದ ಆಗಬೇಕಾದ ಕೆಲಸವೂ ಇಷ್ಟರವರೆಗೆ ಮಾತ್ರ: ಅವನ್ನು ಒಮ್ಮೆ ಸರಿಯಾಗಿ ತೆರೆದು, ಯುನಿಕೋಡಿಗೆ ಪರಿವರ್ತಿಸಿ, ಮೂಲದೊಡನೆ ಹೋಲಿಸಿ ತಿದ್ದಿಕೊಳ್ಳುವವರೆಗೆ.