ಅಶ್ವಗಂಧ ತಿಂದರೆ ಕುದುರೆಯ ಬಲವೆ?

ವ್ಯಾಯಾಮ ಶಾಲೆಯ ಪಕ್ಕದ ಅಂಗಡಿಗೆ ಹೋಗಿ ನೋಡಿ. ಪ್ರೋಟೀನ್ ಡಬ್ಬಿಗಳ ನಡುವೆ ಅಶ್ವಗಂಧದ ಮಾತ್ರೆಗಳು ಸಾಲಾಗಿ ಕುಳಿತಿರುತ್ತವೆ. ಒತ್ತಡ ಇಳಿಯುತ್ತದೆ, ನಿದ್ರೆ ಬರುತ್ತದೆ, ಸ್ನಾಯು ಬೆಳೆಯುತ್ತದೆ, ದಣಿವು ಹತ್ತಿರ ಸುಳಿಯುವುದಿಲ್ಲ - ಎಲ್ಲವೂ ಒಂದೇ ಬೇರಿನಿಂದ! ಡಬ್ಬಿಯ ಮೇಲೆ 'ಅಡಾಪ್ಟೋಜೆನ್' ಎಂಬ ಪದವೂ ಇರುತ್ತದೆ. ಕೇಳಿದರೆ ವಿಜ್ಞಾನವೇ ಒಪ್ಪಿದ ಗುಂಪೊಂದರ ಹೆಸರಿನಂತೆ ತೋರುತ್ತದೆ. ನಿಜವೇ? ಬನ್ನಿ, ಪರಿಶೀಲಿಸೋಣ.

ಅಶ್ವಗಂಧ ನಮಗೆ ಹೊಸದಲ್ಲ. ಬದನೆ, ಟೊಮೇಟೊಗಳ ಕುಟುಂಬಕ್ಕೆ ಸೇರಿದ ಈ ಗಿಡವನ್ನು ಕನ್ನಡದಲ್ಲಿ ಹಿರೇಮದ್ದು ಎಂದೂ ಕರೆಯುತ್ತಾರೆ. ಬೇರಿಗೆ ಕುದುರೆಯ ವಾಸನೆ ಇರುವುದರಿಂದ ಅಶ್ವಗಂಧ ಎಂಬ ಹೆಸರು. ಚರಕ ಸಂಹಿತೆಯು ಇದನ್ನು ಬಲ ನೀಡುವ ಮೂಲಿಕೆಗಳ ಗುಂಪಿನಲ್ಲಿ ಸೇರಿಸಿದೆ. ಇದರ ಸಸ್ಯಶಾಸ್ತ್ರೀಯ ಹೆಸರು ವಿಥಾನಿಯ ಸಾಮ್ನಿಫೆರ. ಎರಡನೆಯ ಪದದ ಅರ್ಥ 'ನಿದ್ರೆ ತರುವಂಥದು'. ಬಲಕ್ಕೆಂದು ಒಬ್ಬರು, ನಿದ್ರೆಗೆಂದು ಇನ್ನೊಬ್ಬರು ಗುರುತಿಸಿದ ಬೇರು ಇದು.

'ಅಡಾಪ್ಟೋಜೆನ್' ಪದ ಮಾತ್ರ ನಮ್ಮದಲ್ಲ. ಅದನ್ನು 1947ರಲ್ಲಿ ಬಳಕೆಗೆ ತಂದವರು ಸೋವಿಯತ್ ವಿಜ್ಞಾನಿ ನಿಕೊಲಾಯ್ ಲಾಜರೆವ್. ಬಗೆಬಗೆಯ ಆಘಾತಗಳಿಗೆ ದೇಹ ಒಂದೇ ಮಾದರಿಯಲ್ಲಿ ಪ್ರತಿಕ್ರಿಯಿಸುತ್ತದೆ ಎಂದು ಹಾನ್ಸ್ ಸೆಲ್ಯೆ 1936ರಲ್ಲಿ ಪ್ರಕಟಿಸಿದ್ದರು. ಪ್ರತಿಕ್ರಿಯೆ ಒಂದೇ ಆದರೆ ಅದನ್ನು ಹದಗೊಳಿಸುವ ಮದ್ದೂ ಒಂದೇ ಇರಬಹುದಲ್ಲವೆ? ಇದೇ ಈ ಪರಿಕಲ್ಪನೆಯ ಬೀಜ. ಮುಂದೆ ಬ್ರೆಖ್‌ಮನ್ ಮತ್ತು ದಾರ್ದಿಮೊವ್ 1969ರಲ್ಲಿ ಮೂರು ಲಕ್ಷಣಗಳನ್ನು ಹೇಳಿದರು. ಅಡಾಪ್ಟೋಜೆನ್ ದೇಹಕ್ಕೆ ಹಾನಿ ಮಾಡಬಾರದು. ಯಾವುದೇ ಬಗೆಯ ಒತ್ತಡದ ವಿರುದ್ಧ ಪ್ರತಿರೋಧ ಹೆಚ್ಚಿಸಬೇಕು. ದೇಹದ ಸ್ಥಿತಿ ಯಾವ ಕಡೆಗೆ ವಾಲಿದ್ದರೂ ಅದನ್ನು ಸಮಸ್ಥಿತಿಗೆ ತರಬೇಕು.

ಈ ಮೂರನೆಯ ಲಕ್ಷಣವನ್ನು ಗಮನವಿಟ್ಟು ಓದಿ. ರಕ್ತದೊತ್ತಡ ಏರಿದ್ದವರಿಗೆ ಇಳಿಸುತ್ತದೆ, ಇಳಿದಿದ್ದವರಿಗೆ ಏರಿಸುತ್ತದೆ ಎಂದರೆ ಯಾವ ಫಲಿತಾಂಶ ಬಂದರೂ ಮದ್ದು ಗೆದ್ದಂತೆಯೇ ಸರಿ! ಒಂದು ಹೇಳಿಕೆ ವೈಜ್ಞಾನಿಕ ಎನಿಸಿಕೊಳ್ಳಬೇಕಾದರೆ, ಏನಾದರೆ ಅದು ಸುಳ್ಳಾಗುತ್ತದೆ ಎಂಬುದನ್ನೂ ಅದು ಹೇಳಬೇಕು. ಇಲ್ಲಿ ಆ ದಾರಿಯೇ ಮುಚ್ಚಿದೆ. ಇಲಿಗಳನ್ನು ನೀರಿಗೆ ಬಿಟ್ಟು ಎಷ್ಟು ಹೊತ್ತು ಈಜುತ್ತವೆ ಎಂದು ನೋಡುವುದು ಆ ಕಾಲದ ಒಂದು ಮುಖ್ಯ ಪರೀಕ್ಷೆಯಾಗಿತ್ತು. ಹೆಚ್ಚು ಹೊತ್ತು ಈಜಿದ ಇಲಿಗೆ ಬಲ ಬಂದಿತೋ, ಬರೀ ಉತ್ತೇಜನ ಸಿಕ್ಕಿತೋ ಆ ಪರೀಕ್ಷೆ ಹೇಳುವುದಿಲ್ಲ. ಕಾಫಿ ಕುಡಿದ ವಿದ್ಯಾರ್ಥಿಯೂ ಹೆಚ್ಚು ಹೊತ್ತು ಎಚ್ಚರವಿರುತ್ತಾನೆ! ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯ ಸಸ್ಯೌಷಧ ಸಮಿತಿ 2008ರಲ್ಲಿ ಈ ಪರಿಕಲ್ಪನೆಯನ್ನು ಪರಿಶೀಲಿಸಿ, ಅದಕ್ಕೆ ಔಷಧಶಾಸ್ತ್ರದಲ್ಲಿ ಮನ್ನಣೆ ದೊರೆತಿಲ್ಲ ಎಂದಿತು.

ಹಾಗಾದರೆ ಮನುಷ್ಯರ ಮೇಲಿನ ಪ್ರಯೋಗಗಳು ಏನು ಹೇಳುತ್ತವೆ? ಮೊದಲು ಸೋವಿಯತ್ ವಿಜ್ಞಾನಿಗಳ ಮೆಚ್ಚಿನ ಗಿಡವಾದ ಸೈಬೀರಿಯದ ಎಲ್ಯುಥೆರೊಕಾಕಸ್ಸನ್ನು ನೋಡೋಣ. 1986ರಲ್ಲಿ ಜಪಾನಿನಲ್ಲಿ 6 ಜನ ಕ್ರೀಡಾಪಟುಗಳ ಮೇಲೆ ನಡೆದ ಪ್ರಯೋಗ, ಇದರಿಂದ ದುಡಿಮೆಯ ಸಾಮರ್ಥ್ಯ ಹೆಚ್ಚಿತೆಂದು ವರದಿ ಮಾಡಿತು. ಹತ್ತು ವರ್ಷಗಳ ನಂತರ, 1996ರಲ್ಲಿ, ಚೆನ್ನಾಗಿ ಪಳಗಿದ 20 ದೂರ ಓಟಗಾರರನ್ನು ತೆಗೆದುಕೊಂಡು ಹೆಚ್ಚು ಬಿಗಿಯಾದ ಪ್ರಯೋಗ ನಡೆಯಿತು. ಮದ್ದು ಪಡೆದವರಿಗೂ ಹುಸಿಮದ್ದು ಪಡೆದವರಿಗೂ ವ್ಯತ್ಯಾಸವೇ ಕಾಣಲಿಲ್ಲ! ಪ್ರಯೋಗ ಬಿಗಿಯಾದಂತೆ ಪವಾಡ ಕರಗುವುದು ವಿಜ್ಞಾನದಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ.

ಅಶ್ವಗಂಧದ ಸ್ಥಿತಿ ಇದಕ್ಕಿಂತ ಉತ್ತಮ ಎಂಬುದನ್ನು ಒಪ್ಪಲೇಬೇಕು. 2012ರಲ್ಲಿ ಭಾರತದಲ್ಲಿ, ದೀರ್ಘಕಾಲದ ಒತ್ತಡದಿಂದ ಬಳಲುತ್ತಿದ್ದ 64 ಜನರ ಮೇಲೆ 60 ದಿನಗಳ ಪ್ರಯೋಗ ನಡೆಯಿತು. ದಿನಕ್ಕೆರಡು ಬಾರಿ 300 ಮಿಲಿಗ್ರಾಂ ಬೇರಿನ ಸಾರ ಪಡೆದವರಲ್ಲಿ ಒತ್ತಡದ ಅಂಕ ಇಳಿಯಿತು. ರಕ್ತದ ಕಾರ್ಟಿಸಾಲ್ ಸುಮಾರು ಶೇಕಡ 28ರಷ್ಟು ಕಡಿಮೆಯಾಯಿತು. ಡಬ್ಬಿಗಳ ಮೇಲೆ ನೀವು ಓದುವ ಅಂಕಿ ಬಹುಪಾಲು ಇದೇ.

2015ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ತೂಕ ಎತ್ತುವ ಅಭ್ಯಾಸ ಹೆಚ್ಚಾಗಿ ಇರದ 57 ಪುರುಷರು 8 ವಾರ ತರಬೇತಿ ಪಡೆದರು. ಮಲಗಿ ಎದೆಯ ಮೇಲಿನಿಂದ ಎತ್ತುವ ಭಾರದಲ್ಲಿ ಅಶ್ವಗಂಧದ ಗುಂಪು 46 ಕಿಲೊ, ಹುಸಿಮದ್ದಿನ ಗುಂಪು 26 ಕಿಲೊ ಹೆಚ್ಚಳ ಸಾಧಿಸಿದವು. ಜಾಹೀರಾತುಗಳಿಗೆ ಬೇಕಾದದ್ದು 46. ನೀವು ನೋಡಬೇಕಾದದ್ದು 26! ಏನೂ ಇಲ್ಲದ ಮಾತ್ರೆ ನುಂಗಿದವರೂ ಬರೀ ತರಬೇತಿಯಿಂದ ಅಷ್ಟು ಮುಂದೆ ಹೋದರು. ಹೊಸಬರ ದೇಹ ಯಾವುದೇ ಕ್ರಮಬದ್ಧ ವ್ಯಾಯಾಮಕ್ಕೂ ಬೇಗ ಸ್ಪಂದಿಸುತ್ತದೆ. ಅವರಲ್ಲಿ ಕಂಡ ಲಾಭ ಐದು ವರ್ಷ ಪಳಗಿದವನಿಗೂ ಸಿಗುತ್ತದೆ ಎನ್ನಲು ಆಧಾರವಿಲ್ಲ. ಇಂಥ ಅಧ್ಯಯನಗಳು ಹೆಚ್ಚಾಗಿ ಸಣ್ಣವು, ಎರಡು ಮೂರು ತಿಂಗಳಿಗೆ ಮುಗಿಯುವಂಥವು. ಅನೇಕ ಅಧ್ಯಯನಗಳಿಗೆ ಸಾರವನ್ನೋ ಹಣವನ್ನೋ ಒದಗಿಸಿದವರು ತಯಾರಕರೇ. ಅದರಿಂದ ಫಲಿತಾಂಶ ಸುಳ್ಳಾಗುವುದಿಲ್ಲ. ಆದರೆ ಸಂಬಂಧವಿಲ್ಲದವರು ಮತ್ತೆ ಮಾಡಿ ನೋಡುವವರೆಗೆ ಅದು ಅರ್ಧ ಉತ್ತರ.

ಈಗ ಕಾರ್ಟಿಸಾಲ್ ವಿಷಯ. ಅದನ್ನು 'ಒತ್ತಡದ ಹಾರ್ಮೋನು' ಎಂದು ಕರೆದು ಖಳನಾಯಕನನ್ನಾಗಿ ಮಾಡಿದ್ದೇವೆ. ಅದು ಮುಂಜಾನೆ ಏರಿ, ರಾತ್ರಿ ಇಳಿಯುತ್ತದೆ. ನೀವು ಓಡುವಾಗ ರಕ್ತದಲ್ಲಿ ಸಕ್ಕರೆಯ ಪ್ರಮಾಣ ಕಾಪಾಡಲು, ಸಂಗ್ರಹದಲ್ಲಿರುವ ಕೊಬ್ಬನ್ನು ಬಳಕೆಗೆ ತರಲು ನೆರವಾಗುತ್ತದೆ. ಕಠಿಣ ವ್ಯಾಯಾಮದಲ್ಲಿ ಅದು ಏರುವುದು ಸಹಜ. ತರಬೇತಿ ಎಂದರೇನು? ದೇಹಕ್ಕೆ ಅಳತೆಯಲ್ಲಿ ಒತ್ತಡ ಕೊಟ್ಟು, ವಿಶ್ರಾಂತಿಯಲ್ಲಿ ಅದು ಹೆಚ್ಚು ಬಲಗೊಳ್ಳಲು ಬಿಡುವುದು. ಒತ್ತಡವೇ ಇಲ್ಲಿ ಪಾಠ, ದಣಿವು ಅದರ ಸೂಚನೆ. ಸೂಚನೆಯನ್ನು ಅಳಿಸಿದರೆ ಪಾಠ ಕಲಿತಂತಾಗುವುದಿಲ್ಲ. ಆದ್ದರಿಂದ ಕಾರ್ಟಿಸಾಲ್ ಇಳಿಯಿತು ಎಂಬ ಒಂದೇ ಅಂಕಿಯಿಂದ ಆರೋಗ್ಯ ಹೆಚ್ಚಿತೆಂದು ತೀರ್ಮಾನಿಸಲಾಗದು.

ನಮ್ಮ ಊರಿನ ಮೈದಾನದಲ್ಲಿ ಪೊಲೀಸ್ ನೇಮಕಾತಿಗಾಗಿ ಓಡುತ್ತಿದ್ದ ಹುಡುಗಿಯೊಬ್ಬಳು ನನಗೆ ಪರಿಚಯ. ಓಟದ ವೇಗ ವಾರದಿಂದ ವಾರಕ್ಕೆ ಕುಗ್ಗುತ್ತಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಯಾರದೋ ಮಾತು ಕೇಳಿ ಅಶ್ವಗಂಧದ ಡಬ್ಬಿ ತಂದಳು, ಮುಗಿದ ಮೇಲೆ ಇನ್ನೊಂದು ತಂದಳು. ಮೂರು ತಿಂಗಳ ನಂತರ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೊಗ್ಲೋಬಿನ್ 8.6 ಗ್ರಾಂ! ಹೆಂಗಸರಲ್ಲಿ ಅದು ಕನಿಷ್ಠ 12 ಇರಬೇಕು. ಕಬ್ಬಿಣಾಂಶದ ಕೊರತೆ. "ಈ ಡಬ್ಬಿ ಮುಗಿಯೋ ತನಕ ನೋಡೋಣ ಅಂದ್ಕೊಂಡೆ ಸರ್" ಎಂದಳು. ಆ ಪುಡಿ ಅವಳಿಗೆ ಕೆಡುಕು ಮಾಡಿತೆಂದು ನಾನು ಹೇಳುತ್ತಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಅದು ಮೂರು ತಿಂಗಳು ಮುಂದೂಡಿತು. ಆ ವರ್ಷದ ನೇಮಕಾತಿ ಓಟ ಅಷ್ಟರಲ್ಲಿ ಮುಗಿದಿತ್ತು.

'ಗಿಡಮೂಲಿಕೆ, ಏನೂ ಆಗಲ್ಲ' ಎಂಬ ಮಾತನ್ನೂ ಪರಿಶೀಲಿಸಬೇಕು. ಅಶ್ವಗಂಧ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾಗಿ ಕಾಮಾಲೆ ಕಾಣಿಸಿಕೊಂಡದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಐಸ್‌ಲೆಂಡ್ ಮತ್ತು ಅಮೆರಿಕಗಳ ಐದು ಪ್ರಕರಣಗಳ ವರದಿ 2020ರಲ್ಲಿ ಪ್ರಕಟವಾಯಿತು. ಇವು ಅಪರೂಪದವು, ಹೆಚ್ಚಿನವರು ಸೇವನೆ ನಿಲ್ಲಿಸಿದ ಮೇಲೆ ಚೇತರಿಸಿಕೊಂಡರು, ಆದರೂ ಮರೆಯುವಂತಿಲ್ಲ. ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧವನ್ನು ನಿಷೇಧಿಸಿತು. ನಮ್ಮ ಆಯುಷ್ ಸಚಿವಾಲಯವು 2021ರಲ್ಲಿ, ಬೇರಿನ ಬದಲು ಎಲೆಯನ್ನು ಬಳಸದಂತೆ ತಯಾರಕರಿಗೆ ಸೂಚಿಸಿತು. ಥೈರಾಯ್ಡ್ ಮದ್ದು, ನಿದ್ರೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಗರ್ಭಿಣಿಯರಿಗೆ ಬೇಡವೇ ಬೇಡ.

ಕ್ರೀಡಾಪಟುಗಳಿಗೆ ಇನ್ನೊಂದು ಎಚ್ಚರಿಕೆ. ಅಶ್ವಗಂಧ ನಿಷೇಧಿತ ಪದಾರ್ಥವಲ್ಲ. ಆದರೆ ಡಬ್ಬಿಯಲ್ಲಿ ಬೇರೇನಿದೆ? 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 13 ದೇಶಗಳಿಂದ ಕೊಂಡ 634 ಪೂರಕ ಆಹಾರಗಳನ್ನು ಪರೀಕ್ಷಿಸಿದಾಗ, 94ರಲ್ಲಿ ಚೀಟಿಯಲ್ಲಿ ನಮೂದಿಸದ ಹಾರ್ಮೋನು ಸಂಬಂಧಿ ವಸ್ತುಗಳು ಸಿಕ್ಕವು. ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ 'ನನಗೆ ಗೊತ್ತಿರಲಿಲ್ಲ' ಎಂದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ.

ಪರಂಪರೆಯ ಹೆಸರಿನಲ್ಲಿ ಮಾರುವವರನ್ನೂ ಒಂದು ಮಾತು ಕೇಳಬೇಕು. ವೈದ್ಯರು ವಯಸ್ಸು, ಜೀರ್ಣಶಕ್ತಿ, ಋತು ನೋಡಿ ಬೇರಿನ ಪುಡಿಯನ್ನು ಹಾಲಿನಲ್ಲೋ ತುಪ್ಪದಲ್ಲೋ ಕೊಡುತ್ತಿದ್ದರು. ಇಂದಿನ ಮಾತ್ರೆಯಲ್ಲಿರುವುದು ಸಾಂದ್ರಗೊಳಿಸಿದ ಸಾರ. ಸಾವಿರಾರು ವರ್ಷಗಳ ಅನುಭವ ಪುಡಿಯದು, ಸಾರದ್ದಲ್ಲ. ಹೆಸರು ಚರಕನದು, ಪದ ಲಾಜರೆವ್‌ದು, ಪ್ರಮಾಣ ಕಾರ್ಖಾನೆಯದು - ಮೂರನ್ನೂ ಬೆರೆಸಿದರೆ ಪುರಾವೆ ಆಗುವುದಿಲ್ಲ.

ಹಾಗಾದರೆ ಅಶ್ವಗಂಧವನ್ನು ಎಸೆಯಬೇಕೆ? ಬೇಡ. ಒತ್ತಡ, ನಿದ್ರೆಗಳ ವಿಷಯದಲ್ಲಿ ಅದರ ಬಗ್ಗೆ ಆಶಾದಾಯಕ ಸುಳಿವುಗಳಿವೆ, ಇನ್ನೂ ದೊಡ್ಡ ಪ್ರಯೋಗಗಳು ನಡೆಯಬೇಕು. ಆದರೆ ಕೊಳ್ಳುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ರಾತ್ರಿ ಏಳೆಂಟು ಗಂಟೆ ನಿದ್ರೆ ಮಾಡುತ್ತಿದ್ದೇನೆಯೆ? ಓಡಿದ್ದಕ್ಕೆ ತಕ್ಕಷ್ಟು ಉಣ್ಣುತ್ತಿದ್ದೇನೆಯೆ? ವಾರದಲ್ಲಿ ಒಂದು ದಿನವಾದರೂ ವಿಶ್ರಾಂತಿ ಇದೆಯೆ? ಎರಡು ಮೂರು ವಾರ ಕಳೆದರೂ ದಣಿವು ಹೋಗದಿದ್ದರೆ ಅಂಗಡಿಗಿಂತ ಮೊದಲು ವೈದ್ಯರ ಬಳಿ ಹೋಗಿ, ರಕ್ತ ಪರೀಕ್ಷೆ ಮಾಡಿಸಿ. ದಣಿವು ಏಕೆ ಎಂದು ತಿಳಿಯದೆ ಅದಕ್ಕೆ ಮದ್ದು ತಿನ್ನುವುದು, ಬೆಂಕಿ ಎಲ್ಲಿದೆ ಎಂದು ನೋಡದೆ ಹೊಗೆಗೆ ಬೀಸಣಿಗೆ ಬೀಸಿದಂತೆ.