ಬೇಡ ಎನ್ನುವ ಹಕ್ಕು ಯಾರದು?

ವಿದ್ಯಾರ್ಥಿಗಳ ರೋಬಾಟಿಕ್ಸ್ ಸ್ಪರ್ಧೆಗಳನ್ನು ಕುರಿತ ಬರಹಗಳು ಬಹುಪಾಲು ಒಂದೇ ಹೊಗಳಿಕೆಗೆ ಬಂದು ನಿಲ್ಲುತ್ತವೆ: ಇಲ್ಲಿ ಮಕ್ಕಳು ಎದುರಾಳಿಯನ್ನೂ ಗೌರವಿಸಲು ಕಲಿಯುತ್ತಾರೆ. ಡೀನ್ ಕಾಮೆನ್ 1989ರಲ್ಲಿ ಕಟ್ಟಿದ ಫಸ್ಟ್ ಸಂಸ್ಥೆಯೇ ಈ ಕೀರ್ತಿಗೆ ಮೂಲ. ಎಂಐಟಿಯ ವುಡೀ ಫ್ಲವರ್ಸ್ ಬಳಕೆಗೆ ತಂದ ‘ಗ್ರೇಷಿಯಸ್ ಪ್ರೊಫೆಷನಲಿಸಂ’ ಎಂಬ ಮಾತು, ಪ್ರಾಣ ಒತ್ತೆಯಿಟ್ಟು ಸ್ಪರ್ಧಿಸು, ಸೌಜನ್ಯ ಬಿಡಬೇಡ ಎಂಬ ಆ ಮಾತು, ಅದರ ಮಂತ್ರವಾಗಿದೆ. ಮಂತ್ರದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಈ ಸ್ಪರ್ಧೆಯಲ್ಲಿ ಮೆಚ್ಚಬೇಕಾದದ್ದೂ ದೂರಬೇಕಾದದ್ದೂ ಇರುವುದು ಅದರ ನಿಯಮ ಪುಸ್ತಕದಲ್ಲಿ, ಅದರಲ್ಲೂ ಮೈತ್ರಿಕೂಟದ ನಿಯಮಗಳಲ್ಲಿ. ಮಕ್ಕಳಿಗೆ ನಿಜವಾಗಿ ನೀತಿ ಕಲಿಸುವುದು ಅಂಕ ಹಂಚುವ ರೀತಿ. ಅದು ಒಂದು ದಾರಿ ತೋರಿಸಿ, ಭಾಷಣ ಇನ್ನೊಂದು ದಾರಿ ತೋರಿಸಿದರೆ, ಬುದ್ಧಿವಂತ ಮಕ್ಕಳು ಅಂಕದ ದಾರಿಯನ್ನೇ ಹಿಡಿಯುತ್ತಾರೆ. ಅದಕ್ಕಾಗಿ ಅವರನ್ನು ದೂರುವುದು ಅನ್ಯಾಯ.

ಫಸ್ಟ್ ಸ್ಪರ್ಧೆಯ 2010ರ ‘ಬ್ರೇಕ್‌ಅವೇ’ ಆಟದಲ್ಲಿ ಇದು ಬಯಲಾಯಿತು. ರೋಬಾಟುಗಳು ಚೆಂಡನ್ನು ಗೋಲಿಗೆ ತಳ್ಳುವ ಆಟ ಅದು. ಒಂದೊಂದು ಕಡೆ ಮೂರು ತಂಡಗಳ ಮೈತ್ರಿ. ಶ್ರೇಯಾಂಕಕ್ಕಾಗಿ ಗೆದ್ದವರಿಗೆ ತಮ್ಮ ಅಂಕದ ಜೊತೆಗೆ ಸೋತವರ ಅಂಕದ ಇಮ್ಮಡಿ. ಸೋತವರಿಗೆ ಗೆದ್ದವರ ಅಂಕ. ಎದುರಾಳಿಯನ್ನು ತುಳಿಯಬೇಡಿ ಎಂಬುದು ಆಶಯ. ಫಲ ಬೇರೆಯೇ ಆಯಿತು. ಸೋಲು ಖಚಿತವೆಂದು ಕಂಡ ಮೈತ್ರಿ ಎದುರಾಳಿಗಾಗಿಯೇ ಗೋಲು ಹೊಡೆದರೆ ಅದಕ್ಕೇ ಲಾಭ. ಆರೂ ತಂಡಗಳು ಒಂದೇ ಕಡೆಗೆ ಆಡುವ ತಂತ್ರ ಹುಟ್ಟಿತು. ಹಾಗೆ ಆಡಿದವರ ಮೇಲೆ ಕ್ರೀಡಾಸ್ಫೂರ್ತಿ ಮುರಿದ ಆರೋಪ ಬಂತು. ಈ ಆರೋಪವನ್ನು ನಾನು ಒಪ್ಪುವುದಿಲ್ಲ; ತಪ್ಪು ನಿಯಮದ್ದು. ಬೇರೆ ಆಟದಲ್ಲೂ ಹೀಗೇ ಆಗಿದೆ. 2012ರ ಲಂಡನ್ ಒಲಿಂಪಿಕ್ಸ್‌ನ ಮಹಿಳಾ ಡಬಲ್ಸ್ ಬ್ಯಾಡ್ಮಿಂಟನ್‌ನಲ್ಲಿ ಸುಲಭ ಎದುರಾಳಿ ಸಿಗಲೆಂದು ಬೇಕೆಂದೇ ಸೋಲಲು ಹೊರಟ ನಾಲ್ಕು ಜೋಡಿಗಳನ್ನು ಅನರ್ಹಗೊಳಿಸಲಾಯಿತು. ಶಿಕ್ಷೆ ಆಟಗಾರ್ತಿಯರಿಗಾಯಿತು, ನಿಜ. ಆದರೆ ಬ್ಯಾಡ್ಮಿಂಟನ್ ಒಕ್ಕೂಟ ಆಮೇಲೆ ಡ್ರಾ ಎತ್ತುವ ಕ್ರಮವನ್ನೇ ಬದಲಿಸಿತು. ರೋಗ ನಿಯಮದಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಒಪ್ಪಿಗೆ ಬೇಕಿಲ್ಲ.

ಈಗ ಮೈತ್ರಿಕೂಟದ ಆಯ್ಕೆಗೆ ಬರೋಣ. ಲೀಗ್ ಪಂದ್ಯಗಳು ಮುಗಿದಾಗ ಮೊದಲ ಎಂಟು ಸ್ಥಾನದ ತಂಡಗಳು ನಾಯಕರಾಗಿ ತಮಗೆ ಬೇಕಾದವರನ್ನು ಕರೆಯುತ್ತವೆ. ಮೊದಲ ಸುತ್ತಿನ ಕರೆ ಒಂದರಿಂದ ಎಂಟಕ್ಕೆ, ಎರಡನೆಯದು ಎಂಟರಿಂದ ಒಂದಕ್ಕೆ. ಭದ್ರಾ ನಾಲೆಯ ಕೊನೆ ಭಾಗದ ರೈತರಿಗೆ ಒಂದು ಸರದಿಯಲ್ಲಾದರೂ ಮೊದಲು ನೀರು ಬಿಟ್ಟಂತೆ ಈ ಏರ್ಪಾಟು. ಇದರ ನ್ಯಾಯ ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ತೊಡಕಿರುವುದು ಇದರ ಪಕ್ಕದ ಇನ್ನೊಂದು ನಿಯಮದಲ್ಲಿ: ಕರೆಯನ್ನು ನಿರಾಕರಿಸಿದ ತಂಡವನ್ನು ಮುಂದೆ ಯಾರೂ ಕರೆಯುವಂತಿಲ್ಲ, ಅದು ಸ್ವತಃ ನಾಯಕನಾಗಿ ಮಾತ್ರ ಮುಂದುವರಿಯಬಹುದು. ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ ನಿಯಮ. ಆದರೆ ಎರಡನೇ ಸ್ಥಾನದ ತಂಡ ‘ಬೇಡ’ ಎಂದರೆ ತನ್ನದೇ ಮೈತ್ರಿ ಕಟ್ಟುತ್ತದೆ. ಇಪ್ಪತ್ತನೇ ಸ್ಥಾನದ ತಂಡ ‘ಬೇಡ’ ಎಂದರೆ ಗಂಟುಮೂಟೆ ಕಟ್ಟಬೇಕು. ಹೀಗೆ ನಿರಾಕರಿಸುವ ಹಕ್ಕು ಬಳಕೆಯಲ್ಲಿ ಮೇಲಿನವರಿಗೆ ಮಾತ್ರ ದಕ್ಕುತ್ತದೆ. ಇನ್ನೂ ಒಂದಿದೆ. ಮೊದಲ ಸ್ಥಾನದ ನಾಯಕ, ಬರುವುದಿಲ್ಲವೆಂದು ಗೊತ್ತಿದ್ದೂ, ಎರಡು, ಮೂರು, ನಾಲ್ಕನೇ ತಂಡಗಳನ್ನು ಸಾಲಾಗಿ ಕರೆಯಬಹುದು. ಅವು ನಿರಾಕರಿಸಿದೊಡನೆ ಪರಸ್ಪರ ಕೂಡುವ ದಾರಿ ಮುಚ್ಚುತ್ತದೆ. ಸ್ನೇಹದ ಆಹ್ವಾನದ ರೂಪದಲ್ಲೇ ಎದುರಾಳಿಗಳ ಸ್ನೇಹ ಮುರಿಯುವ ಉಪಾಯ ಇದು, ಮತ್ತು ಪೂರ್ತಿ ನಿಯಮಬದ್ಧ.

ಹಾಗಾದರೆ ಈ ನಿಯಮವನ್ನೇ ಕಿತ್ತುಹಾಕಬಹುದಲ್ಲ ಎನ್ನುವವರಿದ್ದಾರೆ. ಅದು ಅವಸರದ ಮಾತು. ನಿರಾಕರಣೆಗೆ ಬೆಲೆಯೇ ಇಲ್ಲದಿದ್ದರೆ ಎರಡನೆಯ, ಮೂರನೆಯ ತಂಡಗಳು ಮೊದಲೇ ಒಳಒಪ್ಪಂದ ಮಾಡಿಕೊಂಡು ಮೊದಲನೆಯ ತಂಡವನ್ನು ಒಂಟಿ ಮಾಡುತ್ತವೆ. ಶ್ರೇಯಾಂಕಕ್ಕೆ ಕಿಮ್ಮತ್ತು ಹೋದರೆ ಲೀಗ್ ಪಂದ್ಯ ಗೆಲ್ಲುವ ಹಂಬಲವೂ ಹೋಗುತ್ತದೆ. ಲಂಡನ್ನಿನ ಆ ರೋಗ ಇಲ್ಲಿಗೂ ಬರುತ್ತದೆ. ಆದ್ದರಿಂದ ನಿಯಮ ಇರಲಿ. ಆದರೆ ಒಬ್ಬ ನಾಯಕನಿಗೆ ಇತರ ನಾಯಕರನ್ನು ಕರೆಯಲು ಒಂದೇ ಅವಕಾಶವಿರಲಿ. ನಿಜವಾಗಿ ಬೇಕಾದವರನ್ನು ಕರೆಯಲು ಒಂದು ಸಾಕು. ಹೆಚ್ಚಿನವು ಬೇಕಾಗುವುದು ಕೆಡಿಸಲಿಕ್ಕೆ.

ಇನ್ನೊಂದು ಕಡೆಯ ವಿಮರ್ಶಕರು ಮೈತ್ರಿಯ ಕಲ್ಪನೆಯನ್ನೇ ತಳ್ಳಿಹಾಕುತ್ತಾರೆ: ಲೀಗ್ ಪಂದ್ಯಗಳಲ್ಲಿ ಗಣಕಯಂತ್ರ ಜೋಡಿಸಿಕೊಟ್ಟ ದುರ್ಬಲ ಜೊತೆಗಾರರಿಂದ ಒಳ್ಳೆಯ ತಂಡ ಸೋಲುವುದು ಪ್ರತಿಭೆಗೆ ಮಾಡಿದ ಅವಮಾನ ಎಂಬುದು ಅವರ ವಾದ. ಹತ್ತು ಹನ್ನೆರಡು ಪಂದ್ಯಗಳಲ್ಲಿ ಅದೃಷ್ಟದ ಪಾಲು ಪೂರ್ತಿ ಕರಗುವುದಿಲ್ಲ ಎಂಬುದು ನಿಜ. ಅದಕ್ಕೆ ಪರಿಹಾರವಾಗಿಯೇ ಆಯ್ಕೆಯ ಹಂತವಿದೆ. ಕೆಟ್ಟ ಜೊತೆಯಿಂದ ಕೆಳಗಿಳಿದ ಒಳ್ಳೆಯ ರೋಬಾಟನ್ನು ಕಣ್ಣಿದ್ದ ನಾಯಕ ಮೇಲೆತ್ತಬಹುದು. ಈ ವಿಮರ್ಶಕರು ಕಾಣದ ನಿಜವಾದ ಅಸಮಾನತೆ ಆ ‘ಕಣ್ಣಿ’ನಲ್ಲೇ ಇದೆ. ಪ್ರತಿ ಪಂದ್ಯದಲ್ಲಿ ಪ್ರತಿ ರೋಬಾಟು ಏನು ಮಾಡಿತೆಂದು ಬರೆದಿಡಲು ಜನ ಬೇಕು. ಐವತ್ತು ಮಕ್ಕಳ ತಂಡ ಗ್ಯಾಲರಿಯಲ್ಲಿ ಹತ್ತು ಜನರನ್ನು ಕೂರಿಸುತ್ತದೆ. ಐದೇ ಮಕ್ಕಳ ತಂಡದಲ್ಲಿ ಎಲ್ಲರ ಕೈಯಲ್ಲೂ ಸ್ಪ್ಯಾನರ್ ಇರುತ್ತದೆ. ಹಾಗಾಗಿ ಚಿಕ್ಕ ತಂಡ ನಾಯಕನ ಸ್ಥಾನಕ್ಕೇರಿದರೂ ಕುರುಡಾಗಿ ಆರಿಸಬೇಕಾಗುತ್ತದೆ.

ಇದು ಅಮೆರಿಕದ ಕ್ರೀಡಾಂಗಣಗಳ ಜಗಳವೆಂದು ಕೈಬಿಡುವಂತಿಲ್ಲ. ಎರಡೆರಡು ತಂಡಗಳ ಮೈತ್ರಿಯಿರುವ ಫಸ್ಟ್ ಟೆಕ್ ಚಾಲೆಂಜ್ ಭಾರತದಲ್ಲೂ ನಡೆಯುತ್ತದೆ. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ, ಮಕ್ಕಳು ಇಂಥ ಯಂತ್ರಗಳನ್ನು ಕಟ್ಟಿ ಕಲಿಯಲೆಂದು, ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಸರ್ಕಾರಿ ಶಾಲೆಗಳಲ್ಲಿ ಐದು ವರ್ಷದೊಳಗೆ 50,000 ಲ್ಯಾಬ್ ಎಂಬ ಘೋಷಣೆ 2025ರ ಕೇಂದ್ರ ಬಜೆಟ್‌ನಲ್ಲಿ ಬಂದಿದೆ. ನಾಳೆ ಚನ್ನಗಿರಿಯ, ಜಗಳೂರಿನ ಹೈಸ್ಕೂಲು ಮಕ್ಕಳು ಬೆಂಗಳೂರಿನ ದೊಡ್ಡ ಶಾಲೆಗಳ ಎದುರು ಇಂಥ ಕಣಕ್ಕೆ ಇಳಿದಾಗ ಅವರಿಗೆ ಬೇಕಾಗುವುದು ಸೌಜನ್ಯದ ಉಪದೇಶ ಅಲ್ಲ. ಸೌಜನ್ಯ ಅವರಲ್ಲಿ ಸಾಕಷ್ಟಿದೆ. ಪ್ರತಿ ರೋಬಾಟಿನ ಪಂದ್ಯವಾರು ವಿವರವನ್ನು ಸಂಘಟಕರೇ ದಾಖಲಿಸಿ ಎಲ್ಲ ತಂಡಗಳಿಗೂ ಕೊಡಬೇಕು. ಅಂಕದ ನಿಯಮವನ್ನು ಪ್ರಕಟಿಸುವ ಮೊದಲು, ಸೋತರೆ ಯಾರಿಗೆ ಲಾಭ ಎಂಬ ಪ್ರಶ್ನೆಯನ್ನು ಕೇಳಿ ನೋಡಬೇಕು. ಇಷ್ಟು ಮಾಡಿದ ಮೇಲೂ ಒಂದು ತಂಡ ಅಡ್ಡದಾರಿ ಹಿಡಿದರೆ ಆಗ ಅದರ ನಡತೆಯ ಮಾತಾಡೋಣ. ಅಲ್ಲಿಯವರೆಗೆ ಪರೀಕ್ಷೆಗೆ ಕೂರಬೇಕಾದವರು ನಿಯಮ ಬರೆದವರು.